ಬಿಳಿ ಬಣ್ಣದ ಕೆಳಗಿನ ಓಕ್

ಗುಸ್ತಾವ್ ಎಕ್‌ಬರ್ಗ್ ಎಂಬ ಬಡಗಿ ಪಸಡೀನಾ ಪಟ್ಟಣದಲ್ಲಿ ನಲವತ್ತೊಂದು ಬಂಗಲೆಗಳನ್ನು ಕಟ್ಟಿದ. ತಾನು ಮಾತ್ರ ಬಾಡಿಗೆಯ ಎರಡು ಕೋಣೆಗಳಲ್ಲೇ ಬಾಳಿದ. ದೇವರು ಕೆಲವರಿಗೆ ಮನೆಯನ್ನು ಕೊಡುತ್ತಾನೆ, ಕೆಲವರಿಗೆ ಮನೆ ಕಟ್ಟುವ ಕೈಯನ್ನು. ಎರಡೂ ವರವೇ; ಎರಡನೆಯದರಲ್ಲಿ ಬೆನ್ನುನೋವು ಹೆಚ್ಚು.

ಅವನ ಜೀವ ನೆಟ್ಟಿದ್ದುದು ೧೯೧೧ರಲ್ಲಿ ಪ್ರಿಚೆಟ್ ಕುಟುಂಬಕ್ಕೆ ಕಟ್ಟಿದ ಮನೆಯ ಮೇಲೆ. ಹಳ್ಳದ ಗುಂಡುಕಲ್ಲಿನ ಅಗ್ಗಿಷ್ಟಿಕೆ, ತಗ್ಗಿದ ಅಗಲ ಸೂರು, ಗೋಡೆಯ ಅರ್ಧದವರೆಗೆ ಓಕ್ ಹಲಗೆ. ಅಂಥ ಹಲಗೆಗೆ ಬಣ್ಣ ಬಳಿಯುವುದು ಅಂದಿನ ಬಡಗಿಗಳಿಗೆ ಪಾಪಕ್ಕೆ ಸಮ. ಕಿಟಕಿಗಳನ್ನು ಬಿಗಿದು, ಅಮೋನಿಯಾ ತುಂಬಿದ ಬೋಗುಣಿಗಳನ್ನು ನೆಲದ ಮೇಲಿಟ್ಟು, ಅದರ ಘಾಟಿನಲ್ಲಿ ಎರಡು ದಿನ ಬಿಟ್ಟರೆ ಮರದ ಒಳಗಿನಿಂದಲೇ ಜೇನಿನ ಬಣ್ಣ ಏಳುತ್ತಿತ್ತು. ಬೋಗುಣಿಗಳನ್ನು ಹೊತ್ತವಳು ಅವನ ಹೆಂಡತಿ ಹುಲ್ಡಾ. ಕೆಮ್ಮುತ್ತ ಹೊರಬಂದು ಮೆಟ್ಟಿಲ ಮೇಲೆ ಕುಳಿತು, "ಈ ಮನೆಗೋಸ್ಕರ ಅತ್ತಷ್ಟು ನಮ್ಮಪ್ಪ ಸತ್ತಾಗ್ಲೂ ಅತ್ತಿಲ್ಲ ಕಣ್ರೀ" ಎಂದು ನಕ್ಕಿದ್ದಳು. ಮೇಣ ಉಜ್ಜಿದ್ದೂ ಅವಳ ಅಂಗೈಯೇ. ೧೯೪೯ರ ಹೊತ್ತಿಗೆ ಅವಳು ತೀರಿಕೊಂಡು ಹನ್ನೆರಡು ವರ್ಷವಾಗಿತ್ತು.

ಆ ವರ್ಷದ ವಸಂತದಲ್ಲಿ ಪ್ರಿಚೆಟ್‌ರ ಮಗಳು ಲೆನೋರಾ, ಈಗಿನ ಮನೆಯೊಡತಿ, ಎಪ್ಪತ್ತೆರಡರ ಗುಸ್ತಾವನನ್ನು ಕರೆಸಿದಳು.

"ಮಾಮ, ಶನಿವಾರ ಇಲ್ಲೇ ನನ್ನ ಮಗಳ ಮದುವೆ. ಈ ಕರಡಿ ಗುಹೇಗೆ ಒಂಚೂರು ಬೆಳಕು ತಂದುಕೊಡು. ಎಲ್ಲಾ ಬಿಳಿ."

"ಓಕ್‌ಗಾ? ಅದರ ಬದಲು ನಂಗೇ ಬಳಿದುಬಿಡವ್ವ."

"ನಿಂಗೆ ದೇವರು ಆಗಲೇ ಬಳಿದಾಗಿದೆ, ತಲೆ ನೋಡ್ಕೊ! ಒಲ್ಲೆ ಅಂದ್ರೆ ಬೇರೆಯವ್ನು ನಾಳೆನೇ ಬರ್ತಾನೆ."

ಬೇರೆಯವನು ಬಂದರೆ ಮೇಣ ತೆಗೆದು ಬರಿಯ ಮರಕ್ಕೇ ಬಳಿದುಹೋಗುತ್ತಾನೆ. ರಂಧ್ರಗಳಿಗಿಳಿದ ಬಣ್ಣ ಮತ್ತೆಂದೂ ಬಿಡದು. ವಾದಿಸುವ ತ್ರಾಣ ಗುಸ್ತಾವನಲ್ಲಿ ಉಳಿದಿರಲಿಲ್ಲ. ಒಪ್ಪಿಕೊಂಡ.

ಮೇಣದ ಮೇಲೆ ಯಾವ ಲೇಪವೂ ನಿಲ್ಲದು; ಸೋಮವಾರ ಹುಲ್ಡಾಳ ಮೇಣವನ್ನು ತೊಳೆದ. ಅಂದು ಅವನು ಊಟ ಮಾಡಲಿಲ್ಲ. ಮಂಗಳವಾರ ಅರಗಿನ ತೆಳುಲೇಪ ಹಚ್ಚಿದ, ಬುಧವಾರ ಮತ್ತೊಂದು.

"ಬಿಳಿ ಎಲ್ಲಿ ಮಾಮ? ಮದುವೆ ಈ ವರ್ಷದ್ದು!" ಎಂದಳು ಲೆನೋರಾ.

ಬಿಳಿಗೆ ಇದು ಬೇಕೇಬೇಕು ಎಂಬ ಸುಳ್ಳು ಸುಲಭವಿತ್ತು. ಆದರೆ ಪ್ರತಿ ಭಾನುವಾರ ದೇವರೆದುರು ಮೊಣಕಾಲೂರಿದವನ ನಾಲಗೆ ಅದಕ್ಕೆ ಹೊರಳಲಿಲ್ಲ.

"ಇದು ಅರಗು ತಾಯಿ. ಬಣ್ಣ ಇದರ ಮೇಲೇ ನಿಲ್ಲತ್ತೆ, ಮರಕ್ಕಿಳಿಯಲ್ಲ. ಮುಂದೆ ಯಾರಿಗಾದ್ರೂ ಮನಸ್ಸು ಬಂದ್ರೆ ಬಿಡಿಸ್ಕೋಬೋದು."

"ಯಾರಿಗೆ ಬರತ್ತೆ?"

"ಗೊತ್ತಿಲ್ಲ. ನೋಡೋಕೆ ನಾನಂತೂ ಇರಲ್ಲ. ಬೇಡ ಅಂದ್ರೆ ಇವತ್ತೇ ತೆಗೀತೀನಿ."

ಲೆನೋರಾ ಹಲಗೆಯನ್ನು ಮುಟ್ಟಿ ನೋಡಿದಳು. "ಹುಲ್ಡಾ ಅತ್ತೆ ಮೆಟ್ಟಿಲ ಮೇಲೆ ಕೆಮ್ತಾ ಕೂತಿದ್ದಾಗ ನೀರು ಕೊಟ್ಟವಳು ನಾನೇ. ಐದು ವರ್ಷ ನಂಗಾಗ." ಹಲಗೆಯಿಂದ ಕೈ ತೆಗೆದು ಹೇಳಿದಳು: "ಇರಲಿ ಬಿಡು. ಆದ್ರೆ ಶುಕ್ರವಾರಕ್ಕೆ ಬಿಳಿ ಆಗ್ಲೇಬೇಕು."

ಶುಕ್ರವಾರ ಮಧ್ಯಾಹ್ನಕ್ಕೆ ಬಿಳಿಯಾಯಿತು. ದಣಿದ ಗುಸ್ತಾವ್ ಗೋಡೆಗೊರಗಲು ಹೋಗಿ, ಹಸಿ ಬಣ್ಣ ನೆನಪಾಗಿ, ಹೊರಗೆ ನಡೆದು ಹುಲ್ಡಾ ಕುಳಿತಿದ್ದ ಮೆಟ್ಟಿಲ ಮೇಲೆ ಕುಳಿತ. ಬೆರಳ ಬಿಳಿಯನ್ನು ಟರ್ಪೆಂಟೈನ್ ಬಟ್ಟೆಯಿಂದ ಒರೆಸಿದ. ಪೂರ್ತಿ ಹೋಗಲಿಲ್ಲ. ಒರೆಸುವುದನ್ನು ಬಿಟ್ಟು, ಕೈಗಳನ್ನು ಮಡಿಲಲ್ಲಿಟ್ಟುಕೊಂಡು, ಮುಂದೆಂದೋ ಆ ಬಿಳಿ ಬಿಡಿಸಲು ಬರುವವರಿಗಾಗಿ ಒಂದು ಪ್ರಾರ್ಥನೆ ಹೇಳಿದ.