ಎಕ್ಕಡ ಎಂದದ್ದಕ್ಕೆ

ಆಗೆಲ್ಲ ಹುಣಸೆಹಣ್ಣಿನ ಕಾಲ ಬಂತೆಂದರೆ ನಮ್ಮ ಅಂಗಳದಲ್ಲಿ ಹತ್ತು ಹೆಂಗಸರು ಕೂರುತ್ತಿದ್ದರು. ಕೈ ಹಣ್ಣು ಕುಟ್ಟುತ್ತಿತ್ತು, ಬಾಯಿ ಜನರನ್ನು ಕುಟ್ಟುತ್ತಿತ್ತು. ಯಾವಳು ಸೋಮಾರಿ, ಯಾರ ಸೊಸೆ ಬಜಾರಿ, ಎಲ್ಲ ಅಲ್ಲೇ ತೀರ್ಮಾನ. ಹುಳಿ ವಾಸನೆಗೆ ಬಾಯಲ್ಲಿ ನೀರೂರುತ್ತಿತ್ತು. ನಾವು ಹುಡುಗರು ಬೀಜ ಆಯ್ದು, ಅರ್ಧ ಮಾಡಿ, ಚೌಕಾಬಾರಕ್ಕೆ ಇಟ್ಟುಕೊಳ್ಳುತ್ತಿದ್ದೆವು.

ನಮ್ಮೂರು ಕೊರಟಗೆರೆ ಕಡೆ. ಅಪ್ಪ ಅವ್ವ ಇರಲಿಲ್ಲ. ಅಜ್ಜಿ ಹಾಕಿದ್ದೇ ಗೆರೆ. ಅಣ್ಣನಿಗೆ ಪಾವಗಡದ ಆಚೆಯಿಂದ ಹೆಣ್ಣು ತಂದಿದ್ದರು. ಅತ್ತಿಗೆಯ ಮನೆಮಾತು ತೆಲುಗು, ಕನ್ನಡ ಇನ್ನೂ ತೊದಲು. ಬಂದು ತಿಂಗಳಾಗಿತ್ತು. ನನಗೆ ಹುಣಸೆಬೀಜ ಹುರಿದು ಕೊಡುತ್ತಿದ್ದಳು. ಬೀಜವನ್ನು ಕಲ್ಲಿಗೆ ಉಜ್ಜಿ ಬಿಸಿ ಮಾಡಿ ನನ್ನ ಕೈಗೆ ಮುಟ್ಟಿಸಿ ನಗುತ್ತಿದ್ದಳು.

ಒಂದು ದಿನ ಅಜ್ಜಿ ಅಂಗಳದಿಂದಲೇ ಮೊರ ತಾ ಎಂದಳು. ಅತ್ತಿಗೆ ಒಳಗೆಲ್ಲ ಹುಡುಕಿ, ಹೊರಗೆ ಬಂದು ಕೇಳಿದಳು: "ಎಕ್ಕಡ?"

ತೆಲುಗಿನಲ್ಲಿ ಅದು 'ಎಲ್ಲಿ'. ನಮ್ಮಲ್ಲಿ ಎಕ್ಕಡ ಎಂದರೆ ಕಾಲಿನ ಕೆರ.

ಅಜ್ಜಿ ಹಣ್ಣು ಕುಟ್ಟುವ ಕೊಡತಿ ಎಸೆದಳು. "ಕೇಳುಸ್ಕಂಡ್ರೇನ್ರೇ? ಮೊರ ಕೇಳುದ್ರೆ ಎಕ್ಕಡ ಅಂತಾಳೆ! ನಂಗೆ, ಈ ವಯಸ್ಸಿನಾಗೆ!"

"ಆ ಕಡೆ ಸೌಳು ನೀರು ಕುಡ್ದ ಬಾಯಿ ಕಣಮ್ಮ, ಇನ್ನೇನ್ ಬತ್ತದೆ," ಎಂದಳು ಪಕ್ಕದ ಮನೆಯ ನಿಂಗಮ್ಮ.

ಅತ್ತಿಗೆಗೆ ಏನೂ ತಿಳಿಯಲಿಲ್ಲ. ಮತ್ತೆ ಅದನ್ನೇ ಕೇಳಿದಳು. ಮುಗಿಯಿತು.

ಆ ಹತ್ತು ಜನರಲ್ಲಿ ಅರ್ಧ ಜನ ಮಧುಗಿರಿ ಸಂತೆಯಲ್ಲಿ ತೆಲುಗಿನವರ ಹತ್ತಿರ ಚೌಕಾಸಿ ಮಾಡಿ ಬರುವವರೇ. ಒಬ್ಬಳಾದರೂ 'ಅಂಗಲ್ಲ ಕಣಮ್ಮ' ಅನ್ನಬೇಡವೇ? ಅನ್ನಲಿಲ್ಲ. ಇನ್ನೊಬ್ಬರ ಕೆಟ್ಟದ್ದು ಹುಣಸೆಗಿಂತ ರುಚಿ. ಅಣ್ಣನೂ ತಲೆ ತಗ್ಗಿಸಿ ನಿಂತ, ಹೇಡಿ.

"ತವರಿಗೆ ಬುಟ್ಟು ಬಾ. ಬುದ್ಧಿ ಕಲ್ತ್ಮೇಲೆ ನೋಡಾನ," ಎಂದಳು ಅಜ್ಜಿ. ಹಾಗೆ ಬಿಟ್ಟುಬಂದವರನ್ನು ಮತ್ತೆ ಕರೆಯದೇ ಇದ್ದದ್ದೂ ಉಂಟು. ಗಾಡಿ ಕಟ್ಟಿದರು. ನಾನು ಹಿಂದೆ ಓಡುತ್ತ "ಎಕ್ಕಡದಮ್ಮ, ಎಕ್ಕಡದಮ್ಮ" ಎಂದು ಕೂಗಿದೆ. ಬೀಜ ಹುರಿದು ಕೊಟ್ಟವಳಿಗೆ.

ಎಂಟು ದಿನಕ್ಕೆ ಬೀಸುವ ಕಲ್ಲಿಗೆ ಉಳಿ ಹೊಡೆಯುವವನು ಬಂದ, ಹಿಂದೂಪುರದ ಕಡೆಯವನು. ಅಜ್ಜಿಯ ಮುಂದೆ ಚೀಲ ಇಳಿಸಿ, "ರಾಯಿ ಎಕ್ಕಡಮ್ಮಾ?" ಎಂದ. ಕಲ್ಲು ಎಲ್ಲಿ ಎಂದು. ಕೊಡತಿ ಹಾರುತ್ತದೆ ಅಂದುಕೊಂಡೆ.

"ಅಕ್ಕಡೇ ಉಂದಿ, ಚೂಡು," ಎಂದಳು ಅಜ್ಜಿ, ತಲೆಯನ್ನೂ ಎತ್ತದೆ. ಅಲ್ಲೇ ಇದೆ ನೋಡು.

"ಅಜ್ಜೀ, ನಿಂಗೆ ತೆಲುಗು ಬತ್ತದಾ?"

"ನಮ್ಮವ್ವುನ್ ಮನೆ ಮಾತೇ ಅದು ಕಣ್ಲಾ."

"ಮತ್ತೆ ಅತ್ಗೆ ಕೇಳಿದ್ದು ಮೊರ ಎಲ್ಲಿ ಅಂತ!"

"ಗೊತ್ತು ಓಗ್ಲಾ. ಬಂದೋಳ್ನ ಮೊದ್ಲೇ ಅದ್ದುಬಸ್ತಿನಾಗೆ ಇಡ್ಬೇಕು. ಇದೇ ಮಾತಿಗೆ ನಮ್ಮತ್ತೆ ನಂಗೆ ಬರೆ ಇಕ್ಕಿದ್ಲು."

ಮೈಯೆಲ್ಲ ಉರಿಯಿತು. ಕೈಯಲ್ಲಿದ್ದ ಬೀಜವನ್ನೆಲ್ಲ ಅವಳ ಮುಖಕ್ಕೆ ಎರಚಿ, ಬಾವಿಯ ಹತ್ತಿರ ಕಪಿಲೆ ಹೊಡೆದು ನೀರೆತ್ತುತ್ತಿದ್ದ ಅಣ್ಣನ ಬಳಿಗೆ ಓಡಿ ಎಲ್ಲ ಹೇಳಿದೆ. ಅವನು ಎತ್ತು ಬಿಚ್ಚಿ ಅಂದೇ ಗಾಡಿ ಕಟ್ಟಿದ.

ಅತ್ತಿಗೆ ಬಂದಳು. ಮಾರನೆಯ ದಿನ ನೋಡಿದರೆ ಅಜ್ಜಿಯ ತಲೆಗೆ ಹರಳೆಣ್ಣೆ ಹಚ್ಚುತ್ತ ಕೂತಿದ್ದಾಳೆ!

"ಆ ಮುದ್ಕಿಗ್ಯಾಕೆ ಎಣ್ಣೆ? ಬೇಕಂತ್ಲೇ ಮಾಡಿದ್ದು ಅವ್ಳು!" ಎಂದು ಕಿರುಚಿದೆ.

"ಪೋನೀಲೇ ನಾಯ್ನಾ," ಎಂದಳು ಅತ್ತಿಗೆ. ಆಮೇಲೆ ಹೊಸದಾಗಿ ಕಲಿತ ಕನ್ನಡದಲ್ಲಿ, "ಓಗ್ಲಿ ಬುಡು. ಇಲ್ನೋಡು." ಅಜ್ಜಿಯ ಕೂದಲನ್ನು ಸರಿಸಿದಳು. ಕತ್ತಿನ ಹಿಂದೆ ಬೆರಳುದ್ದದ ಸುಟ್ಟ ಕಲೆ.

ನನ್ನ ಸಿಟ್ಟು ಆಗಲೂ ಇಳಿಯಲಿಲ್ಲ. ಯಾರ ಮೇಲೆ ಹಾಕಬೇಕೆಂದು ಮಾತ್ರ ತಿಳಿಯದೇ ಹೋಯಿತು.

ಕೆಲವು ವರ್ಷಕ್ಕೆ ಅಜ್ಜಿ ಸತ್ತಳು. ಅವಳ ಮೇಲಿನ ಸಿಟ್ಟನ್ನು ಅವಳ ಜೊತೆಗೇ ಮಣ್ಣು ಮಾಡಿದೆ. ನಿಂಗಮ್ಮನ ಮೇಲಿನದನ್ನೂ ಬಿಟ್ಟೆ. ಗಾಡಿಯ ಹಿಂದೆ ಓಡಿದ ಆ ಹುಡುಗನನ್ನು ಬಿಡಲು ಇನ್ನೂ ಆಗಿಲ್ಲ.

ಅತ್ತಿಗೆ ಈಗ ನಮ್ಮಂತೆಯೇ ಕನ್ನಡ ಆಡುತ್ತಾಳೆ. ಆದರೆ ಅಂದಿನಿಂದ ಈ ಮನೆಯಲ್ಲಿ ಏನನ್ನೂ ಎಲ್ಲಿ ಎಂದು ಕೇಳಿಲ್ಲ, ಯಾವ ಭಾಷೆಯಲ್ಲೂ. ಮೊನ್ನೆ ಯಾರೋ ಉಪ್ಪಿನ ಮಡಕೆ ಎತ್ತಿಟ್ಟಿದ್ದರು. ಒಲೆಯ ಮೇಲೆ ಸಾರು ಉಕ್ಕುತ್ತಿತ್ತು. ಅವಳು ಒಂದೊಂದೇ ಮಡಕೆಯ ಮುಚ್ಚಳ ತೆಗೆದು ನೋಡುತ್ತಿದ್ದಳು.

"ಏನ್ ಉಡುಕ್ತಿದ್ದೀಯ ಅತ್ಗೆ?" ಎಂದೆ.

"ಏನಿಲ್ಲ, ಬುಡು."