ಕೆಂಪು ಚೀಟಿಯ ತೀರ್ಪು

ಗೋವಿಂದರಾಜನಗರದ ನಮ್ಮ ಓನರ್ ಆಂಟಿ ಬೆಳಿಗ್ಗೆ ಮಗನ ಲಗ್ನಪತ್ರಿಕೆ ಕೊಟ್ಟುಹೋದರು. ಅದರ ಮೂಲೆಗೆ ಹಚ್ಚಿದ ಅರಿಶಿನದ ವಾಸನೆ ಮೂಗಿಗೆ ಬಂದದ್ದೇ ತಡ, ನನ್ನ ಕೈ ಕತ್ತರಿ ಹುಡುಕತೊಡಗಿತು. ಮುಹೂರ್ತ ಯಾವಾಗ, ಛತ್ರ ಎಲ್ಲಿ ಎಂದು ಕೂಡ ನೋಡಲಿಲ್ಲ. ಎದುರಿಗೆ ಒಂದು ಕೇಸಿನ ಕಡತವಿತ್ತು. ಮದುವೆಯಾದಳೆಂದು ಬಡ್ತಿ ತಪ್ಪಿದ ಹುಡುಗಿಯದು. ಹುಡುಕಿದ ತೀರ್ಪುಗಳೆಲ್ಲ ಅವಳಿಗೆ ವಿರುದ್ಧವಾಗಿದ್ದವು. ಸಂಜೆ ಫೋನ್ ಮಾಡಿ ‘ಕಷ್ಟ ಇದೆ’ ಎಂದು ಹೇಳಿಬಿಡೋಣ ಎಂದುಕೊಂಡಿದ್ದೆ.

ಈ ಕತ್ತರಿಯ ಚಟ ಎಲ್ಲಿಂದ ಬಂತು ಅಂತೀರಾ? ನನಗೆ ವಕೀಲಿಕೆ ಕಲಿಸಿದ ಸೀನಿಯರ್ ಪಾರ್ವತಮ್ಮ ಮೇಡಂ ಅಂಟಿಸಿದ್ದು. ಬಸವೇಶ್ವರನಗರದ ಅವರ ಮನೆಯ ಕಾರ್ ಶೆಡ್ಡೇ ನಮ್ಮ ಆಫೀಸು. ದಾವಣಗೆರೆ ಕಡೆಯ ದೊಡ್ಡ ಬಳಗ. ಲಗ್ನಪತ್ರಿಕೆಗಳಿಗೆ ಬರವೇ ಇರಲಿಲ್ಲ. ಎಲ್ಲವನ್ನೂ ಉದ್ದುದ್ದ ಕತ್ತರಿಸಿ ತೀರ್ಪುಗಳ ಪುಟಗಳ ನಡುವೆ ಗುರುತಿಗೆ ಇಡುತ್ತಿದ್ದರು. ನಮ್ಮ ಪರವಾದ ತೀರ್ಪಿಗೆ ಹಳದಿ ಚೀಟಿ, ವಿರುದ್ಧವಾದದ್ದಕ್ಕೆ ಕೆಂಪು. “ಬರೀ ಹಳದಿ ತಂದ್ರೆ ಕಾಫಿ ಇಲ್ಲ ಕಣೇ. ಕೆಂಪೂ ಹುಡ್ಕು” ಎನ್ನುತ್ತಿದ್ದರು. ಕಾಫಿಯಾದರೋ ಬಲು ಚೆನ್ನಾಗಿರುತ್ತಿತ್ತು.

ನಾನಾಗ ಕಾನೂನು ಓದಿ ಮುಗಿಸಿದ್ದೆ, ಹುಡುಕುವುದು ಮಾತ್ರ ಗೊತ್ತಿರಲಿಲ್ಲ. ಕಂಪ್ಯೂಟರಿನಲ್ಲಿ ನಾಲ್ಕು ಪದ ಒತ್ತಿದರೆ ನ್ಯಾಯ ತಾನಾಗಿ ಉದುರುತ್ತದೆ ಎಂಬ ಭ್ರಮೆ. ಅಂಥ ದಿನಗಳಲ್ಲೇ ಪಕ್ಕದ ಹೊಸಹಳ್ಳಿ ಬಡಾವಣೆಯಿಂದ ಶಿವಲೀಲಾ ಬಂದಳು. ಗದಗಿನ ಕಡೆಯವಳು, ಮಾಗಡಿ ರಸ್ತೆಯ ಗಾರ್ಮೆಂಟ್ಸ್ ಒಂದರಲ್ಲಿ ಕೆಲಸ. ಐದು ತಿಂಗಳ ಬಸುರಿಯನ್ನು ಕೆಲಸದಿಂದ ತೆಗೆದಿದ್ದರು. ಇವಳ ಕೆಲಸ ಸರಿಯಿಲ್ಲ, ಬಸುರಿಯೆಂಬುದು ನಮಗೆ ತಿಳಿದೇ ಇರಲಿಲ್ಲ ಎಂದು ಕಂಪನಿ ಉತ್ತರ ಕೊಟ್ಟಿತ್ತು. ಎಲ್ಲರೂ ಹೇಳುವ ಮಾತು ಎಂದು ನಾನದನ್ನು ದಾಟಿಹೋದೆ.

ಎರಡು ದಿನ ತಡಕಾಡಿ ಒಂದು ತೀರ್ಪು ಹಿಡಿದೆ. ಅದರಲ್ಲೊಂದು ಪ್ಯಾರಾ, ಆಹಾ! ಬಸುರಿ ಹೆಂಗಸನ್ನು ಹೊರಗಟ್ಟುವುದು ಎಂಥ ಅನ್ಯಾಯ ಎಂದು ಕಣ್ಣು ತುಂಬುವಂತೆ ಬರೆದಿತ್ತು. ಹಳದಿ ಚೀಟಿ ಸಿಕ್ಕಿಸಿ, ಶಿವಲೀಲಾಳಿಗೆ ಕನ್ನಡದಲ್ಲಿ ಭಾಷಣದಂತೆ ಓದಿ ಹೇಳಿದೆ.

“ಅಂದ್ರ ನಾ ಗೆದ್ದಂಗ ಆತಲ್ರೀ?” ಎಂದವಳ ಮುಖ ಅರಳಿತು.

ಮೇಡಂ ಕನ್ನಡಕದ ಮೇಲಿಂದ ನೋಡಿದರು. “ಇದನ್ನ ಹೇಳಿದ್ದು ಯಾರು?”

“ಕೋರ್ಟು, ಮೇಡಂ.”

“ಕೊನೇ ಪುಟ ನೋಡಮ್ಮ.”

ನೋಡಿದೆ. ನಾನು ಅಷ್ಟು ರಾಗವಾಗಿ ಓದಿದ್ದು ಸೋತ ವಕೀಲರ ವಾದ. ಅದನ್ನು ಪೂರ್ತಿಯಾಗಿ ಬರೆದುಕೊಂಡು, ಆಮೇಲೆ ಕೋರ್ಟು ಒಪ್ಪುವುದಿಲ್ಲ ಎಂದಿತ್ತು. ನೆಲ ಬಾಯಿ ಬಿಡಬಾರದೇ ಅನಿಸಿತು. ಮೇಡಂ ಮಾತ್ರ ಕಿಸಕ್ಕನೆ ನಕ್ಕು, ಹಳದಿ ಕಿತ್ತು ಕೆಂಪು ಸಿಕ್ಕಿಸಿದರು.

“ಹಂಗಾರ ಆಕಿ ಯಾಕ ಸೋತ್ಲ್ರೀ?” ಎಂದಳು ಶಿವಲೀಲಾ ಸಣ್ಣ ದನಿಯಲ್ಲಿ.

ಕೆಂಪು ಚೀಟಿಯ ಪುಟವನ್ನು ಮತ್ತೆ ಬಿಡಿಸಿದೆ. ಮೊದಲ ಸಲ ಒಂದು ತೀರ್ಪನ್ನು ಪೂರ್ತಿ ಓದಿದೆ. ಬಸುರಿಯೆಂಬುದು ಮಾಲೀಕರಿಗೆ ಗೊತ್ತಿತ್ತೆಂದು ತೋರಿಸಲು ಆ ಹೆಂಗಸಿಗೆ ಆಗಿರಲಿಲ್ಲ. ದಾಟಿಹೋಗಿದ್ದ ಕಂಪನಿಯ ಮಾತು ಈಗ ಚುಚ್ಚಿತು. “ನಿಮ್ಮ ಮ್ಯಾನೇಜರಿಗೆ ಗೊತ್ತಿತ್ತಾ?” ಎಂದು ಕೇಳಿದೆ.

“ಗೊತ್ತಿರದ ಏನ್ರೀ? ನನ್ನ ಕುಬುಸಕ್ಕ ಊಟಕ್ಕ ಬಂದಿದ್ರಲ್ಲ!” ಎಂದು ಫೋನು ತೆಗೆದಳು.

ಕುಬುಸವೆಂದರೆ ಅವರ ಕಡೆಯ ಸೀಮಂತ. ಫೋಟೋದಲ್ಲಿ ಹಸಿರು ಸೀರೆ, ಮೊಣಕೈವರೆಗೆ ಹಸಿರು ಬಳೆ ತೊಟ್ಟ ಶಿವಲೀಲಾ. ಪಕ್ಕದಲ್ಲೇ ಎಲೆಯ ಮುಂದೆ ಕೂತು, ಬಾಯ್ತುಂಬ ಹೋಳಿಗೆ ತುಂಬಿಕೊಂಡ ಮ್ಯಾನೇಜರು. ಮೇಡಂ ನಕ್ಕೂ ನಕ್ಕೂ ಕಣ್ಣೊರೆಸಿಕೊಂಡರು. ನನಗೆ ಆ ದಿನ ಎರಡು ಲೋಟ ಕಾಫಿ.

ಲೇಬರ್ ಕೋರ್ಟಿನಲ್ಲಿ ಮೇಡಂ ಆ ಫೋಟೋ ಮುಂದಿಟ್ಟು, “ಹೋಳಿಗೆ ಚೆನ್ನಾಗಿತ್ತಾ ಸಾರ್? ಯಾವ ಕಾರ್ಯದ ಊಟ ಅದು?” ಎಂದು ಕೇಳಿದರು. ಮ್ಯಾನೇಜರು ನೀರು ಕೇಳಿದರು. ಕೆಲಸ ವಾಪಸ್ ಸಿಗುವ ಹೊತ್ತಿಗೆ ಶಿವಲೀಲಾಳ ಮಗಳು ಓಡಾಡುತ್ತಿದ್ದಳು ಅನ್ನುವುದು ಬೇರೆ ಮಾತು. ನಮ್ಮ ಕೋರ್ಟುಗಳು ನಿಮಗೂ ಗೊತ್ತಲ್ಲ.

ಇಷ್ಟು ಹೇಳುವಷ್ಟರಲ್ಲಿ ಓನರ್ ಆಂಟಿಯ ಪತ್ರಿಕೆ ಚೀಟಿಗಳಾಗಿ, ಕಡತದೊಳಗೆ ಸೇರಿಬಿಟ್ಟಿದೆ. ಛತ್ರದ ಹೆಸರಿದ್ದ ತುಂಡು ಯಾವುದೋ ತೀರ್ಪಿನ ನಡುವೆ ಸಿಕ್ಕಿಕೊಂಡಿದೆ. ಅದನ್ನು ಹುಡುಕಲು ಪುಟ ಬಿಡಿಸಿದವಳು ಅಲ್ಲೇ ಓದುತ್ತ ಕೂತೆ. ಎಲ್ಲಕ್ಕೂ ಕೆಂಪು ಸಿಕ್ಕಿಸಿದ್ದೆ, ಒಬ್ಬರಾದರೂ ಯಾಕೆ ಸೋತರೆಂದು ನೋಡಿರಲಿಲ್ಲ. ಈಗ ನೋಡಿದರೆ, ಬಡ್ತಿ ತಪ್ಪಿದ್ದು ಮದುವೆಯಿಂದಲೇ ಎಂದು ತೋರಿಸಲು ಅವರಲ್ಲಿ ಯಾರಿಗೂ ಆಗಿರಲಿಲ್ಲ. ಸಂಜೆಯವರೆಗೆ ಕಾಯದೆ ಆ ಹುಡುಗಿಗೆ ಫೋನ್ ಮಾಡಿದೆ.

“ಕಷ್ಟ ಅಂತ ಹೇಳೋಕಾ ಮೇಡಂ?” ಅಂದಳು.

“ಅಲ್ಲಮ್ಮ,” ಅಂದೆ, “ನಿನ್ನತ್ರ ಒಂದು ವಿಷ್ಯ ಕೇಳೋದೇ ಮರ್ತುಬಿಟ್ಟಿದ್ದೆ.”