ಎದ್ದು ನಿಂತ ಅಂಚುಕಟ್ಟೆ

ಡಾಫಿನ್ ಊರಿನ ಏಳನೇ ಬೀದಿಯಲ್ಲಿ ನಾನು ಇಪ್ಪತ್ತಮೂರು ವರ್ಷ ಅಂಚೆ ಹಂಚಿದ್ದೇನೆ. ಮನೆಗಳ ಒಳಗೆ ಏನು ನಡೆಯುತ್ತಿತ್ತೋ ನನಗೆ ಅಷ್ಟಾಗಿ ಗೊತ್ತಿಲ್ಲ, ಆದರೆ ಮುಂದಿನ ಅಂಗಳಗಳು ಒಂದೊಂದೂ ಬಾಯಿಪಾಠ. ಯಾರ ಮನೆಯ ಮೆಟ್ಟಿಲು ಜಾರುತ್ತದೆ, ಯಾರ ಮನೆಯ ಪಿಯೋನಿ ಗಿಡ ಮೊದಲು ಹೂ ಬಿಡುತ್ತದೆ ಎಲ್ಲ ಕಣ್ಣು ಮುಚ್ಚಿ ಹೇಳಬಲ್ಲೆ. ಹಾಗಾಗಿ ಸ್ಟೆಫ್ಕಾ ಬಾಬಿಚುಕ್ ಕಥೆ ನಾನೇ ಹೇಳುವುದು ಸರಿ.

ಸ್ಟೆಫ್ಕಾ ದಿನಸಿ ಅಂಗಡಿಯ ಬೇಕರಿಯಲ್ಲಿ ಇಪ್ಪತ್ತೊಂದು ವರ್ಷ ಕೇಕುಗಳಿಗೆ ಅಲಂಕಾರ ಮಾಡಿದವಳು. ಅವಳ ಕೈಯ ಕೆನೆಗುಲಾಬಿ ಇಲ್ಲದೆ ನಮ್ಮೂರಿನಲ್ಲಿ ಮದುವೆಯೇ ಆಗುತ್ತಿರಲಿಲ್ಲ. ಅವಳಿಗೆ ನಲವತ್ತೊಂಬತ್ತು ತುಂಬಿದ ವರ್ಷ ಅಂಗಡಿಯವರು ವಿನಿಪೆಗ್‌ನಿಂದ ಹೆಪ್ಪುಗಟ್ಟಿದ ಕೇಕು ಲಾರಿಯಲ್ಲಿ ತರಿಸತೊಡಗಿದರು. ಸ್ಟೆಫ್ಕಾಳಿಗೆ ಒಂದು ಗೋಡೆ ಗಡಿಯಾರ ಕೊಟ್ಟು ಮನೆಗೆ ಕಳಿಸಿದರು. ಅದೇ ಮೇ ತಿಂಗಳಲ್ಲಿ ಅವಳ ಗಂಡ ಒರೆಸ್ಟ್, ಹೆಂಡತಿಯ ಮನಸ್ಸು ಹಗುರಾಗಲಿ ಎಂದು, ಊರಾಚೆಯ ಹೊಲವೊಂದರಲ್ಲಿ ನಡೆಯುತ್ತಿದ್ದ ಹರಾಜಿಗೆ ಕರೆದುಕೊಂಡು ಹೋದ. ಅವನಿಗೆ ಬೇಕಾಗಿದ್ದದ್ದು ಒಂದು ನೀರಿನ ಪಂಪು. ಅವನು ಸಾಲಿನಲ್ಲಿ ನಿಂತು ಸಾಸೇಜು ತರುವಷ್ಟರಲ್ಲಿ ಸ್ಟೆಫ್ಕಾ ಕೈ ಎತ್ತಿ ಬೇರೇನನ್ನೋ ಕೊಂಡಾಗಿತ್ತು.

ಅದು ಮಕ್ಕಳ ತಳ್ಳುಗಾಡಿಯಷ್ಟಿದ್ದ ಒಂದು ಯಂತ್ರ. ಮೇಲೊಂದು ಅಗಲ ಬಾಯಿ, ಕೆಳಗೊಂದು ಮೂತಿ. ಬಾಯಿಗೆ ಕಲಸಿದ ಕಾಂಕ್ರೀಟ್ ಸುರಿದರೆ ಮೂತಿಯಿಂದ ಗೇಣಗಲದ ಪುಟ್ಟ ಕಟ್ಟೆ ಉದ್ದಕ್ಕೆ ಹೊರಬರುತ್ತದೆ. ಯಂತ್ರ ತಾನೇ ಮುಂದಕ್ಕೆ ತೆವಳುತ್ತದೆ. ಹೂವಿನ ಪಾತಿಯ ಸುತ್ತ ಅಂಚು ಕಟ್ಟುವುದಕ್ಕೆ ಇರುವಂಥದ್ದು.

"ಪಂಪ್ ತರೋಕೆ ಬಂದ್ವಿ ಕಣೆ," ಎಂದ ಒರೆಸ್ಟ್. "ಇದೇನಿದು, ಸಿಮೆಂಟ್ ತಿನ್ನೋ ಹಂದಿ?"

"ಹಂದಿ ಅಲ್ಲ ಕಣೋ. ಕೆನೆ ಹಿಂಡೋ ಚೀಲ. ಸ್ವಲ್ಪ ದೊಡ್ಡದು, ಅಷ್ಟೆ."

ಮೊದಲ ಅಂಚುಕಟ್ಟೆಯನ್ನು ಅವಳು ತನ್ನ ಟೊಮೇಟೊ ಪಾತಿಗೇ ಹಾಕಿದಳು. ಅದು ಕುಡುಕ ಮನೆಗೆ ಬರುವ ದಾರಿಯಂತೆ ಸೊಟ್ಟಗಿತ್ತು. ಮೂರನೆಯದರ ಹೊತ್ತಿಗೆ ಕೈ ಕುದುರಿತು. ಇಪ್ಪತ್ತೊಂದು ವರ್ಷ ಕೇಕಿನ ಅಂಚಿಗೆ ನಡುಗದೆ ಕೆನೆ ಎಳೆದ ಕೈ ಅಲ್ಲವೇ! ಕಾಂಕ್ರೀಟಿಗೆ ಇಟ್ಟಿಗೆ ಕೆಂಪು ಬೆರೆಸಿದಳು. ಅಜ್ಜಿ ಹಾಕಿದ ಕಸೂತಿ ಟವೆಲ್ಲಿನಲ್ಲಿದ್ದ ಎಂಟು ಮೂಲೆಯ ನಕ್ಷತ್ರವನ್ನು ರಬ್ಬರಿನ ಉರುಳೆಯೊಂದರ ಮೇಲೆ ಕೆತ್ತಿ, ಹಸಿ ಕಟ್ಟೆಯ ಮೇಲೆ ಉರುಳಿಸಿದಳು. ಕಟ್ಟೆಯುದ್ದಕ್ಕೂ ಸಾಲುಸಾಲಾಗಿ ನಕ್ಷತ್ರ ಮೂಡಿತು. ಒಂದು ಮನೆಯದನ್ನು ನೋಡಿ ಇನ್ನೊಂದು ಮನೆಯವರು ಕರೆದರು. ಆ ಬೇಸಿಗೆ ಮುಗಿಯುವಷ್ಟರಲ್ಲಿ ಏಳನೇ ಬೀದಿಯ ಹನ್ನೊಂದು ಮನೆ, ಜೊತೆಗೆ ಚರ್ಚಿನ ಎರಡೂ ಬದಿಯ ಲಿಲ್ಲಿ ಪಾತಿ, ಎಲ್ಲಕ್ಕೂ ಕೆಂಪು ಅಂಚು ಬಂದಿತ್ತು.

ನೆಸ್ಟರ್ ಪ್ರೊಕೊಪ್ಚುಕ್ ಒಬ್ಬರು ಮಾತ್ರ ಹೊಗಳಲಿಲ್ಲ. ಅವರಿಗೆ ಎಂಬತ್ತೊಂದು. ನಲವತ್ತು ವರ್ಷ ಊರಿನ ರಸ್ತೆಗಳ ಹಿಮ ಗೋರುವ ಗಾಡಿ ಓಡಿಸಿದವರು. ಊರಿಗೆಲ್ಲ ಅವರು ವೂಯ್ಕೊ, ಅಂದರೆ ಮಾಮ. ಒಂದು ದಿನ ಕೋಲೂರಿಕೊಂಡು ಬಂದು ಸ್ಟೆಫ್ಕಾ ಕೆಲಸ ಮಾಡುತ್ತಿದ್ದಲ್ಲಿ ನಿಂತರು. ನಾನೂ ಅಲ್ಲೇ ಇದ್ದೆ, ಕೈಯಲ್ಲಿ ಆ ಮನೆಯ ಕರೆಂಟ್ ಬಿಲ್ಲು.

"ಮಗಳೇ, ಇದರ ಕೆಳಗೆ ಏನು ಹಾಕಿದ್ದೀಯ?"

"ಕೆಳಗಾ? ಹುಲ್ಲು ಕೆರೆದಿದ್ದೀನಿ ವೂಯ್ಕೊ. ಆಮೇಲೆ ನೇರ ಮಣ್ಣಿನ ಮೇಲೇ. ಮಣ್ಣು ಗಟ್ಟಿಯಾಗಿದೆಯಲ್ಲ."

"ಈಗ ಗಟ್ಟಿ. ನಮ್ಮೂರಿನದು ಜೇಡಿಮಣ್ಣು. ಅಕ್ಟೋಬರಲ್ಲಿ ಕುಡಿಯುತ್ತೆ, ಜನವರೀಲಿ ಊದ್ಕೊಳ್ಳುತ್ತೆ, ಏಪ್ರಿಲ್ ಬಂತೂಂದ್ರೆ ಜಗಳಕ್ಕೆ ನಿಲ್ಲುತ್ತೆ. ಥೇಟ್ ನಮ್ಮ ಭಾವನ ಹಾಗೆ."

"ನೀವು ಹೆದರಿಸ್ಬೇಡಿ ವೂಯ್ಕೊ."

"ಹೆದರಿಸ್ತಿಲ್ಲ. ಹೇಳ್ತಿದ್ದೀನಿ," ಎಂದು ಕೋಲು ಊರುತ್ತ ಹೋದರು.

ಆ ಚಳಿಗಾಲ ಮೂಗಿನೊಳಗಿನ ಕೂದಲೂ ಕಡ್ಡಿಯಾಗುವಂಥದ್ದು. ನವೆಂಬರಿನಲ್ಲಿ ಬಿದ್ದ ಹಿಮ ಏಪ್ರಿಲ್‌ವರೆಗೂ ಕದಲಲಿಲ್ಲ. ಈಸ್ಟರ್ ವಾರದಲ್ಲಿ ಅದು ಕರಗಿತು. ಕರಗಿದ ಹಾಗೆಲ್ಲ ಸ್ಟೆಫ್ಕಾಳ ಕಟ್ಟೆಗಳು ಮುದುಕನ ಹಲ್ಲಿನಂತೆ ಹೊರಬಂದವು. ಒಂದು ಕಡೆ ಗೇಣುದ್ದ ಎದ್ದಿತ್ತು, ಇನ್ನೊಂದು ಕಡೆ ಅಂಗಳದತ್ತ ವಾಲಿತ್ತು. ಬಿರುಕುಗಳು ನಕ್ಷತ್ರಗಳ ನಡುವೆಯೇ ಅಡ್ಡಾದಿಡ್ಡಿ ಹಾದಿದ್ದವು. ಮೇಲ್ಮೈ ಹಪ್ಪಳದಂತೆ ಚಕ್ಕೆಚಕ್ಕೆ ಏಳುತ್ತಿತ್ತು.

ಈಸ್ಟರ್ ಬೆಳಿಗ್ಗೆ ಚರ್ಚಿನ ಸುತ್ತ ಎಲ್ಲರೂ ತಮ್ಮ ತಮ್ಮ ಬುಟ್ಟಿ ಇಟ್ಟು ನಿಂತಿದ್ದರು. ಬುಟ್ಟಿಯಲ್ಲಿ ಪಾಸ್ಕಾ ರೊಟ್ಟಿ, ಬಣ್ಣದ ಮೊಟ್ಟೆ, ಬೆಣ್ಣೆ, ಸಾಸೇಜು. ಪಾದ್ರಿ ತೀರ್ಥ ಚಿಮುಕಿಸುತ್ತ ಬಂದು ಎಂದಿನಂತೆ ಕೂಗಿದರು:

"ಕ್ರಿಸ್ತ ಎದ್ದಿದ್ದಾನೆ!"

"ನಿಜವಾಗಿಯೂ ಎದ್ದಿದ್ದಾನೆ!" ಎಂದು ಜನ ಮರುನುಡಿದರು.

ಆಗ ಹಾಡುಗಾರರ ಗುಂಪಿನಿಂದ ಐರಿನ್ ಹ್ಲಾಡಿ ಎಂಬಾಕೆಯ ದನಿ ಕೇಳಿತು: "ಸ್ಟೆಫ್ಕಾಳ ಕಟ್ಟೆನೂ ಎದ್ದಿದೆ!"

ಪಾದ್ರಿಯೇ ಮೊದಲು ಕಿಸಕ್ಕೆಂದರು. ಇಡೀ ಅಂಗಳ ನಕ್ಕಿತು. ಪಾದ್ರಿ ಕುಂಚವನ್ನು ಇನ್ನೊಮ್ಮೆ ಅದ್ದಿ ಮುರಿದ ಕಟ್ಟೆಗೂ ನಾಲ್ಕು ಹನಿ ಚಿಮುಕಿಸಿದರು. ಸ್ಟೆಫ್ಕಾ ಕೂಡ ನಕ್ಕಳು. ಆದರೆ ನಾನು ಪಕ್ಕದಲ್ಲೇ ನಿಂತಿದ್ದೆ. ಅವಳ ಕಿವಿ ಎರಡೂ ಬೀಟ್‌ರೂಟಾಗಿದ್ದವು.

ಮನೆಗೆ ಹೋದವಳು ಮೂರು ದಿನ ಹೊರಗೆ ಬರಲಿಲ್ಲ. ಕಾಗದ ಕೊಡಲು ಹೋದಾಗ ಒರೆಸ್ಟ್ ಬಾಗಿಲಿನಲ್ಲೇ ನನ್ನ ಕೈ ಹಿಡಿದ.

"ಪೆರೊಗಿ ಮಾಡ್ತಾನೇ ಇದ್ದಾಳಪ್ಪ. ಆಲೂಗಡ್ಡೆ ತುಂಬೋದು, ಮಡಚೋದು, ಆಲೂಗಡ್ಡೆ ತುಂಬೋದು, ಮಡಚೋದು. ನಾನೂರು ಆಯ್ತು. ಫ್ರೀಜರಲ್ಲಿ ಜಾಗ ಇಲ್ಲ. ಏನಾದ್ರೂ ಹೇಳು ಅವಳಿಗೆ."

ನಾನು ಹೇಳಬೇಕಾಗಿ ಬರಲಿಲ್ಲ. ನಾಲ್ಕನೆಯ ದಿನ ಸ್ಟೆಫ್ಕಾ ತಾನೇ ಎದ್ದು, ಪೆರೊಗಿ ಕಡುಬಿನ ಡಬ್ಬಿಗಳನ್ನು ಕೈಗಾಡಿಯಲ್ಲಿಟ್ಟುಕೊಂಡು ಹನ್ನೊಂದು ಮನೆಯ ಬಾಗಿಲೂ ತಟ್ಟಿದಳು. ಎಲ್ಲ ಕಡೆಯೂ ಒಂದೇ ಮಾತು: "ತಪ್ಪು ನಂದು. ಈ ಬೇಸಿಗೇಲಿ ಎಲ್ಲಾ ಕಿತ್ತು ಹೊಸದಾಗಿ ಹಾಕ್ಕೊಡ್ತೀನಿ." ಕೊನೆಯ ಡಬ್ಬಿಯನ್ನು ನೆಸ್ಟರ್ ಮನೆಗೆ ಒಯ್ದಳು.

"ವೂಯ್ಕೊ, ನೀವು ಹೇಳಿದ್ದೇ ಆಯ್ತು. ನಗೋದಿದ್ರೆ ಈಗಲೇ ನಕ್ಕುಬಿಡಿ. ಆಮೇಲೆ ಕಲಿಸಿ."

ನೆಸ್ಟರ್ ನಗಲಿಲ್ಲ. ಡಬ್ಬಿ ತೆರೆದು ನೋಡಿ, "ಈರುಳ್ಳಿ ಹುರಿದು ಹಾಕಿದ್ದೀಯಾ?" ಎಂದರು. ಹಾಕಿದ್ದಳು. "ಸರಿ, ಗುದ್ದಲಿ ತಗೊಂಡು ಬಾ."

ಮರುದಿನದಿಂದ ಆ ಬೀದಿಯಲ್ಲಿ ಒಂದು ಹೊಸ ನೋಟ. ನೆಸ್ಟರ್ ಮಡಚುವ ಕುರ್ಚಿ ಹಾಕಿಕೊಂಡು ಕುಳಿತಿರುತ್ತಿದ್ದರು, ಸ್ಟೆಫ್ಕಾ ಅಗೆಯುತ್ತಿದ್ದಳು, ಒರೆಸ್ಟ್ ಜಲ್ಲಿ ಹೊರುತ್ತಿದ್ದ.

"ಇನ್ನೂ ಆಳ."

"ಎಷ್ಟು ಆಳ ವೂಯ್ಕೊ? ಹೆಪ್ಪುಗಟ್ಟದ ಮಣ್ಣು ಸಿಗೋವರೆಗಾ?"

"ಇಲ್ಲಿ ನೆಲ ಆಳೆತ್ತರ ಹೆಪ್ಪುಗಟ್ಟುತ್ತೆ. ನೀನೇನು ಬಾವಿ ತೋಡ್ತಿದ್ದೀಯಾ? ಗೇಣಾಳ ತೆಗಿ, ಜಲ್ಲಿ ತುಂಬಿ ದಮ್ಮಸು ಹೊಡಿ. ನೀರು ಕೆಳಗೆ ನಿಲ್ಲಬಾರದು, ಹರಿದು ಹೋಗ್ಬೇಕು. ನೀರಿಲ್ದಿದ್ರೆ ಊದೋಕೆ ಏನಿದೆ? ಆದ್ರೂ ನೆಲ ಒಂಚೂರು ಏಳುತ್ತೆ. ಏಳಲಿ ಬಿಡು. ಎಲ್ಲಾ ಒಟ್ಟಿಗೆ ಏಳ್ಬೇಕು, ಒಟ್ಟಿಗೆ ಕೂರ್ಬೇಕು."

"ಬಿರುಕು ಬಿಟ್ರೆ?"

"ಬಿರುಕು ಬಿಡಬೇಡ ಅಂದ್ರೆ ಕಾಂಕ್ರೀಟ್ ಕೇಳಲ್ಲ. ಎಲ್ಲಿ ಬಿಡ್ಬೇಕು ಅಂತ ಹೇಳಿದ್ರೆ ಕೇಳುತ್ತೆ. ಹಸಿ ಇರುವಾಗಲೇ ಎರಡೆರಡು ಅಡಿಗೆ ಒಂದು ಗೆರೆ ಕುಯ್ದಿಡು."

ಸ್ಟೆಫ್ಕಾ ಗುದ್ದಲಿ ನಿಲ್ಲಿಸಿದಳು. "ಕೇಕಿಗೆ ಮೊದಲೇ ತುಂಡಿನ ಗುರುತು ಹಾಕಿಡೋ ಹಾಗೆ!"

"ಕೇಕಿನ ವಿಷ್ಯ ನನಗೊತ್ತಿಲ್ಲ. ಇನ್ನೊಂದು, ಆ ಕಲಸಿದ್ದರ ಒಳಗೆ ಸಣ್ಣ ಸಣ್ಣ ಗಾಳಿಗುಳ್ಳೆ ಇರ್ಬೇಕು. ಅದಕ್ಕೊಂದು ದ್ರವ ಸಿಗುತ್ತೆ, ಕಲಸುವಾಗಲೇ ಹಾಕೋದು. ಒಳಗಿನ ನೀರು ಹೆಪ್ಪುಗಟ್ಟಿ ಹಿಗ್ಗಿದಾಗ ಹೋಗೋಕೆ ಜಾಗ ಬೇಕಲ್ಲ? ಇಲ್ದಿದ್ರೆ ಚಕ್ಕೆ ಎದ್ದೇಳುತ್ತೆ."

"ಮೊಟ್ಟೆ ಬಿಳಿ ನೊರೆ ಕಡೆದ ಹಾಗೆ!"

"ಒರೆಸ್ಟ್, ನಿನ್ ಹೆಂಡ್ತಿಗೆ ಹಸಿವಾಗಿದೆ ಕಣಯ್ಯ, ಊಟಕ್ಕೆ ಕರ್ಕೊಂಡು ಹೋಗು," ಎಂದರು ನೆಸ್ಟರ್.

ಒಂದೊಂದಾಗಿ ಮನೆಗಳು ಮುಗಿದವು, ಚರ್ಚಿನ ಪಾತಿಯೂ ಮುಗಿಯಿತು. ತೊಡಕಾದದ್ದು ಐರಿನ್ ಮನೆಯಲ್ಲಿ. ಚರ್ಚಿನಲ್ಲಿ ತಮಾಷೆ ಮಾಡಿದ್ದ ಅದೇ ಐರಿನ್, ತನ್ನ ಪಿಯೋನಿ ಗಿಡಗಳ ಹತ್ತಿರ ಗುದ್ದಲಿ ಬರಕೂಡದೆಂದು ಅಡ್ಡ ನಿಂತಳು. ಆ ಗಿಡಗಳು ಅವಳ ತಾಯಿ ನೆಟ್ಟವು, ಅರವತ್ತು ವರ್ಷದವು.

"ಮುರಿದಿರೋದೇ ಇರಲಿ ಬಿಡು ಸ್ಟೆಫ್ಕಾ. ಬೇರು ಅಲ್ಲಾಡಿಸಿದ್ರೆ ಪಿಯೋನಿ ಮುನಿಸ್ಕೊಳ್ಳುತ್ತೆ."

"ಮುರಿದಿರೋದು ಇದ್ರೆ ನೀವು ಪ್ರತಿ ಈಸ್ಟರಿಗೂ ಹಾಡ್ತೀರಿ!"

ಐರಿನ್‌ಗೆ ನಗು ತಡೆಯಲಾಗಲಿಲ್ಲ. ಕೊನೆಗೆ ಒಪ್ಪಂದವಾಯಿತು. ಹೂ ಮುಗಿದು ಗಿಡ ಮಲಗುವ ಸೆಪ್ಟೆಂಬರಿನ ತನಕ ಕಾದು, ಸ್ಟೆಫ್ಕಾ ಗಿಡಗಳ ಕಡೆಗೆ ಗುದ್ದಲಿ ಎತ್ತದೆ, ಮಂಡಿಯೂರಿ ಚಮಚದಲ್ಲಿ ಮಣ್ಣು ತೆಗೆದಳು. ಇಡೀ ಒಂದು ದಿನ ಹಿಡಿಯಿತು. ಐರಿನ್ ಪಕ್ಕದಲ್ಲೇ ಕುಳಿತು ಬೇರುಗಳನ್ನು ಒದ್ದೆ ಬಟ್ಟೆಯಿಂದ ಮುಚ್ಚುತ್ತ, ಚಹಾ ಕೊಡುತ್ತ, ತಮ್ಮ ಗುಂಪಿಗೆ ಗಟ್ಟಿ ದನಿಯ ಹೆಂಗಸೊಬ್ಬಳು ಬೇಕಾಗಿದ್ದಾಳೆ ಎಂದು ಮೆಲ್ಲಗೆ ಗಾಳ ಹಾಕಿದಳು. ಆ ಚಳಿಗಾಲ ಸ್ಟೆಫ್ಕಾ ಚರ್ಚಿನ ಹಾಡುಗಾರರ ಗುಂಪು ಸೇರಿದಳು. ಅವಳ ದನಿ ಗಟ್ಟಿಯೇನೋ ಹೌದು. ರಾಗದ ವಿಷಯ ನಾನು ಮಾತಾಡುವುದಿಲ್ಲ.

ಎರಡನೆಯ ಚಳಿಗಾಲ ಮೊದಲನೆಯದಕ್ಕಿಂತ ಕ್ರೂರ. ಹಿಮ ಕಡಿಮೆ ಬಿತ್ತು. ಹೊದಿಕೆಯಿಲ್ಲದ ನೆಲ ಕಲ್ಲಾಯಿತು. ಫೆಬ್ರವರಿಯಲ್ಲಿ ಹಿಮ ಗೋರುವ ಗಾಡಿಯೊಂದು ತಿರುವಿನಲ್ಲಿ ಅಂದಾಜು ತಪ್ಪಿ ಮೂಲೆ ಮನೆಯ ಕಟ್ಟೆಗೆ ಬಡಿಯಿತು. ಸ್ಟೆಫ್ಕಾ ಕೋಟು ಹಾಕುವುದನ್ನೂ ಮರೆತು ಓಡಿಬಂದಳು. ಕುಯ್ದಿಟ್ಟಿದ್ದ ಎರಡು ಗೆರೆಗಳ ನಡುವಿನ ಒಂದೇ ಒಂದು ತುಂಡು ಕಳಚಿ ಬಿದ್ದಿತ್ತು. ಆಚೆಯದೂ ಈಚೆಯದೂ ಅಲುಗಿರಲಿಲ್ಲ. ಅವಳು ಆ ತುಂಡನ್ನು ಮಗುವನ್ನೆತ್ತುವಂತೆ ಎದೆಗವಚಿಕೊಂಡು ನೆಸ್ಟರ್ ಮನೆಗೆ ಒಯ್ದು ತೋರಿಸಿದಳು.

"ನೋಡಿ ವೂಯ್ಕೊ! ಹೇಳಿದಲ್ಲೇ ಮುರಿದಿದೆ!"

"ಒಳಗೆ ಬಾರೇ ಹುಚ್ಚಿ, ಕಿವಿ ಉದುರಿ ಹೋಗುತ್ತೆ."

ಏಪ್ರಿಲ್ ಬಂತು. ನಾನು ಅಂಚೆಚೀಲ ಹೆಗಲಿಗೇರಿಸಿ ಹೊರಟಾಗ ಸ್ಟೆಫ್ಕಾ ಮತ್ತು ನೆಸ್ಟರ್ ಕೂಡ ಜೊತೆಗೆ ಬಂದರು. ಕರಗುತ್ತಿದ್ದ ಹಿಮದ ನೀರು ಎಲ್ಲೆಲ್ಲೂ ಜುಳುಜುಳು ಹರಿಯುತ್ತಿತ್ತು. ಒಂದೊಂದು ಮನೆಗೂ ನಾನು ಕಾಗದ ಹಾಕುವಷ್ಟು ಹೊತ್ತಿನಲ್ಲಿ ನೆಸ್ಟರ್ ಬಗ್ಗಿ, ಕೋಲಿನಿಂದ ಕಟ್ಟೆ ತಟ್ಟಿ ಸದ್ದು ಕೇಳುತ್ತಿದ್ದರು. ಗಾಡಿ ಬಡಿದ ಆ ಒಂದು ತುಂಡು ಬಿಟ್ಟರೆ ಹತ್ತು ಮನೆ ಸರಿಯಾಗಿತ್ತು. ಹನ್ನೊಂದನೆಯದರಲ್ಲಿ ಮಾತ್ರ ಒಂದು ತುಂಡು ಎರಡು ಬೆರಳು ಎದ್ದಿತ್ತು. ಸ್ಟೆಫ್ಕಾಳ ಮುಖ ಬಿಳುಚಿತು. ನೆಸ್ಟರ್ ಮೇಲೆ ನೋಡಿದರು. ಮಾಡಿನ ನೀರಿನ ಕೊಳವೆ ನೇರ ಅದರ ಬುಡಕ್ಕೇ ಸುರಿಯುತ್ತಿತ್ತು.

"ಇದು ನಿನ್ನ ತಪ್ಪಲ್ಲ, ಕೊಳವೆದು. ಅತ್ಲಾಗೆ ತಿರುಗಿಸೋಕೆ ಹೇಳು. ಮೇ ಹೊತ್ತಿಗೆ ತುಂಡು ತಾನೇ ಕೂರುತ್ತೆ." ಆಮೇಲೆ ನನ್ನ ಕಡೆ ನೋಡುತ್ತ ಹೇಳಿದರು: "ಹುಡುಗಿ ಕೆಲ್ಸ ಕಲಿತಿದ್ದಾಳೆ."

ಆ 'ಹುಡುಗಿ'ಗೆ ಆಗ ಐವತ್ತೊಂದು. ಬೀದಿಯ ನಡುವೆ ನಿಂತು ಮುದುಕರ ಎರಡೂ ಕೆನ್ನೆಗೆ ಮುತ್ತಿಟ್ಟಳು. ಅವರ ಟೋಪಿ ನೀರಿಗೆ ಬಿತ್ತು.

ಈಗ ಅವಳಿಗೆ ಮೇ ತಿಂಗಳಿಂದ ಸೆಪ್ಟೆಂಬರಿನವರೆಗೆ ಉಸಿರಾಡಲು ಪುರುಸೊತ್ತಿಲ್ಲ. ಸುತ್ತಲಿನ ಊರುಗಳಿಂದಲೂ ಕರೆ ಬರುತ್ತದೆ. ಯಾರಾದರೂ ಆತುರಪಟ್ಟು, "ಮೇಲೆಮೇಲೆ ಹಾಕ್ಬಿಡು ಸಾಕು" ಎಂದರೆ ಯಂತ್ರವನ್ನು ಗಾಡಿಯಿಂದ ಇಳಿಸುವುದೇ ಇಲ್ಲ. ಐರಿನ್‌ಳ ಪಿಯೋನಿ ಒಂದು ವರ್ಷ ಮುನಿಸಿಕೊಂಡು ಮರುವರ್ಷ ಹೂ ಬಿಟ್ಟಿತು.

ಹೋದ ಆಗಸ್ಟಿನಲ್ಲಿ ನೆಸ್ಟರ್ ಸ್ಟೆಫ್ಕಾಳಿಗೆ ಫೋನು ಮಾಡಿ, "ಬೀದಿಗೆಲ್ಲ ಆಯ್ತು. ನನ್ನ ಮನೆ ಕಾಣ್ಸಲ್ವಾ ನಿಂಗೆ?" ಎಂದು ರೇಗಿದರು. ಮರುದಿನವೇ ಅವಳು ಹೋದಳು. ಮುದುಕರು ಅಷ್ಟರಲ್ಲೇ ಯಾರನ್ನೋ ಹಿಡಿದು ಗೇಣಾಳ ಅಗೆಸಿ, ಜಲ್ಲಿ ಹಾಸಿ, ದಮ್ಮಸು ಹೊಡೆಸಿ ಇಟ್ಟಿದ್ದರು. ಮಧ್ಯಾಹ್ನದೊಳಗೆ ಕಟ್ಟೆ ಮುಗಿಯಿತು, ನಕ್ಷತ್ರವೂ ಮೂಡಿತು. ಎಲ್ಲರೂ ನೆರಳಿನಲ್ಲಿ ಕುಳಿತು ನಿಂಬೆ ಪಾನಕ ಕುಡಿಯುತ್ತಿದ್ದಾಗ, ನದಿಯ ಕಡೆಯಿಂದ ಬಂದ ಒಂದು ಕಾಡುಬಾತು ತನ್ನದೇ ದಾರಿಯೆಂಬಂತೆ ಹಸಿ ಕಟ್ಟೆಯ ಮೇಲೆ ಹತ್ತಿ, ಈ ತುದಿಯಿಂದ ಆ ತುದಿಯವರೆಗೆ ಗಂಭೀರವಾಗಿ ನಡೆದುಹೋಯಿತು. ಸ್ಟೆಫ್ಕಾ ಚೀರಿ ಕರಣೆ ಹಿಡಿದು ಓಡಿದಳು.

"ಮುಟ್ಟಬೇಡ!" ನೆಸ್ಟರ್ ಕುರ್ಚಿಯಿಂದಲೇ ಕೋಲೆತ್ತಿದರು. "ಹಾಗೇ ಇರಲಿ. ಈ ಬೀದೀಲಿ ಇಂಥದ್ದು ಇನ್ನೊಬ್ಬರ ಹತ್ರ ಇಲ್ಲ."

ಈಗ ಅವರ ಮನೆಗೆ ಕಾಗದ ಹಾಕುವಾಗಲೆಲ್ಲ ನಾನು ಒಂದು ಗಳಿಗೆ ನಿಂತು ನೋಡುತ್ತೇನೆ. ಎರಡು ನಕ್ಷತ್ರ, ಒಂದು ಬಾತುಪಾದ, ಮತ್ತೆ ಎರಡು ನಕ್ಷತ್ರ.